ಮತದಾರ ಯೋಚಿಸಿ ಮತ ಹಾಕುತ್ತಾನಾ, ಯಾರೋ ಹಾಕಿಸುತ್ತಾರಾ?

ಪ್ರಶ್ನೆ: ಪ್ರಜಾಪ್ರಭುತ್ವದಲ್ಲಿ ಮತದಾರನೇ ಪ್ರಭು ಎನ್ನುತ್ತಾರೆ. ಆದರೆ ಜಾಹೀರಾತು, ಭಾಷಣ, ಮೊಬೈಲಿಗೆ ಬಂದು ಬೀಳುವ ಸಂದೇಶಗಳು, ಮನೆಮಂದಿಯ ಒತ್ತಡ ಇಷ್ಟೆಲ್ಲದರ ನಡುವೆ ಜನ ನಿಜಕ್ಕೂ ಸ್ವಂತ ಬುದ್ಧಿಯಿಂದ ಆಯ್ಕೆ ಮಾಡುತ್ತಾರೆಯೇ?

ಉತ್ತರ: ಈ ಪ್ರಶ್ನೆ ಕೇಳುವವರ ಮಾತಿನಲ್ಲಿ ‘ಜನ’ ಎಂದರೆ ಸಾಮಾನ್ಯವಾಗಿ ಬೇರೆಯವರು. ನಾನು ಯೋಚಿಸಿ ಮತ ಹಾಕುತ್ತೇನೆ, ಉಳಿದವರದ್ದು ಹಿತ್ತಾಳೆ ಕಿವಿ ಎಂಬ ನಂಬಿಕೆ ಬಹುತೇಕ ಎಲ್ಲರಲ್ಲೂ ಇದೆ. 1983ರಲ್ಲಿ ಫಿಲಿಪ್ಸ್ ಡೇವಿಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದಕ್ಕೆ ‘ಮೂರನೆಯವರ ಪರಿಣಾಮ’ ಎಂದು ಹೆಸರಿಟ್ಟರು. ಪ್ರಚಾರ ತನ್ನ ಮೇಲೆ ಕೆಲಸ ಮಾಡುವುದಿಲ್ಲ, ಇತರರ ಮೇಲೆ ಮಾಡುತ್ತದೆ ಎಂದು ಪ್ರತಿಯೊಬ್ಬರೂ ಎಣಿಸುವುದು. ಎಲ್ಲರ ಎಣಿಕೆಯೂ ಏಕಕಾಲಕ್ಕೆ ಸರಿಯಾಗಿರಲು ಸಾಧ್ಯವಿಲ್ಲವಲ್ಲ!

ಮೊದಲು ಪ್ರಚಾರದ ಶಕ್ತಿಯನ್ನೇ ನೋಡೋಣ. 1940ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿ ಎಂಬ ಜಿಲ್ಲೆಯಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 600 ಮತದಾರರನ್ನು ಆರಿಸಿ, ಮೇ ತಿಂಗಳಿಂದ ನವೆಂಬರ್‌ವರೆಗೆ ಅವರನ್ನೇ ಮತ್ತೆ ಮತ್ತೆ ಮಾತಾಡಿಸಿದರು. ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ದವರು ರೂಸ್‌ವೆಲ್ಟ್ ಮತ್ತು ವಿಲ್ಕಿ. ರೇಡಿಯೊ, ಪತ್ರಿಕೆಗಳು ಮತದಾರರನ್ನು ಇತ್ತಿಂದತ್ತ ತಿರುಗಿಸುತ್ತವೆ ಎಂಬುದು ಆಗಿನ ಕಾಲದ ಎಣಿಕೆ. ಸಿಕ್ಕಿದ್ದು ಬೇರೆ. ಸುಮಾರು ಅರ್ಧದಷ್ಟು ಜನ ಪ್ರಚಾರ ಕಾವೇರುವ ಮೊದಲೇ, ಮೇ ತಿಂಗಳಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಪ್ರಚಾರ ಕೇಳಿ ಒಂದು ಪಕ್ಷ ಬಿಟ್ಟು ಪೂರ್ತಿ ಇನ್ನೊಂದಕ್ಕೆ ಹೊರಳಿದವರು ಶೇ 8ರಷ್ಟು ಮಾತ್ರ. ಹೊರಳಿದವರನ್ನು ಹೊರಳಿಸಿದ್ದರಲ್ಲೂ ರೇಡಿಯೊಕ್ಕಿಂತ ಮನೆಯವರು, ಜತೆ ಕೆಲಸ ಮಾಡುವವರು, ಪರಿಚಯದ ತಿಳಿವಳಿಕಸ್ಥರ ಪಾಲು ಹೆಚ್ಚು.

ಹಳೇ ಕಾಲದ ಮಾತು ಎನ್ನಬಹುದು. 2018ರಲ್ಲಿ ರಾಜ್ಯಶಾಸ್ತ್ರಜ್ಞರಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಅಮೆರಿಕದ 49 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದರು. ಮನೆ ಬಾಗಿಲಿಗೆ ಹೋಗಿ ಮಾತಾಡಿದ್ದು, ಫೋನ್ ಮಾಡಿದ್ದು, ಅಂಚೆಯಲ್ಲಿ ಕರಪತ್ರ ಕಳಿಸಿದ್ದು ಎಲ್ಲವೂ ಅದರಲ್ಲಿದ್ದವು. ಸಾರ್ವತ್ರಿಕ ಚುನಾವಣೆಯಲ್ಲಿ ಯಾರಿಗೆ ಮತ ಹಾಕಬೇಕೆಂಬ ನಿರ್ಧಾರದ ಮೇಲೆ ಇವುಗಳ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಪ್ರಚಾರಕ್ಕೆ ದುಡ್ಡು ಸುರಿಯುವವರು ಓದಲು ಇಷ್ಟಪಡದ ಅಧ್ಯಯನವಿದು.

ಹಾಗಾದರೆ ಪ್ರಚಾರದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಯಾರಿಗೆ ಹಾಕಬೇಕು ಎನ್ನುವುದಕ್ಕಿಂತ ಮತಗಟ್ಟೆಗೆ ಹೋಗಬೇಕೇ ಬೇಡವೇ ಎನ್ನುವುದರ ಮೇಲೆ. 2006ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪ್ರಯೋಗಕ್ಕಾಗಿ ಕೆಲವು ಮನೆಗಳಿಗೆ ಒಂದು ಪತ್ರ ಹೋಯಿತು. ಮನೆಯವರು ಮತ್ತು ಅಕ್ಕಪಕ್ಕದವರು ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದಾರೋ ಇಲ್ಲವೋ ಎಂಬ ಪಟ್ಟಿ ಅದರಲ್ಲಿತ್ತು, ಜತೆಗೆ ಈ ಸಲದ ಚುನಾವಣೆ ಮುಗಿದ ಮೇಲೆ ಹೊಸ ಪಟ್ಟಿ ಕಳಿಸುತ್ತೇವೆ ಎಂಬ ಮಾತು. (ಅಲ್ಲಿ ಯಾರಿಗೆ ಹಾಕಿದಿರಿ ಎಂಬುದು ಗುಟ್ಟು, ಹಾಕಿದಿರೋ ಇಲ್ಲವೋ ಎಂಬುದು ಸಾರ್ವಜನಿಕ ದಾಖಲೆ.) ಪತ್ರ ಹೋದ ಮನೆಗಳಲ್ಲಿ ಮತದಾನ 8 ಶೇಕಡಾ ಅಂಶದಷ್ಟು ಏರಿತು. ನಾಲ್ಕು ಜನರ ಮುಂದೆ ಮಾನ ಹೋದೀತು ಎಂಬ ಅಳುಕು ಅಷ್ಟು ಗಟ್ಟಿ.

ಪ್ರಚಾರಕ್ಕೆ ಜಗ್ಗದಿರುವುದೇ ವಿವೇಕ ಎಂದು ಇಲ್ಲಿ ಸಮಾಧಾನಪಟ್ಟುಕೊಂಡರೆ ಮಾತ್ರ ಎಡವುತ್ತೇವೆ. ಬಹಳಷ್ಟು ಮತದಾರರು ಅಲುಗಾಡದಿರಲು ಕಾರಣ, ಅವರು ಮೊದಲೇ ಒಂದು ಪಕ್ಷಕ್ಕೆ ಕಟ್ಟುಬಿದ್ದಿರುವುದು. ಜೆಫ್ರಿ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಡವರ ನೆರವಿನ ಯೋಜನೆಯೊಂದನ್ನು ಓದಲು ಕೊಟ್ಟರು. ಕೆಲವರ ಕೈಗೆ ಬಂದದ್ದು ಧಾರಾಳ ಯೋಜನೆ, ಕೆಲವರಿಗೆ ಬಿಗಿಹಿಡಿತದ್ದು. ಇದನ್ನು ನಿಮ್ಮ ಪಕ್ಷ ಬೆಂಬಲಿಸಿದೆ ಎಂದು ತಿಳಿಸಿದಾಗ ವಿದ್ಯಾರ್ಥಿಗಳು ಯೋಜನೆ ಯಾವುದೇ ಇರಲಿ ಒಪ್ಪಿದರು. ಒಪ್ಪಿದ್ದೇಕೆ ಎಂದು ಕೇಳಿದರೆ ಯೋಜನೆಯ ಗುಣಾವಗುಣ ನೋಡಿ ಎಂಬ ಉತ್ತರ. ಪಕ್ಷದ ಹೆಸರು ನೋಡಿ ಮರುಳಾಗುವವರು ಎದುರು ಪಾಳಯದವರು ಎಂಬ ಷರಾ ಬೇರೆ.

ಇದಕ್ಕಿಂತ ಮೋಜಿನದು 2010ರ ಸ್ವೀಡನ್ ಚುನಾವಣೆಯ ಹೊತ್ತಿನ ಪ್ರಯೋಗ. ಎಡ ಮತ್ತು ಬಲ ಮೈತ್ರಿಕೂಟಗಳು ಎದುರುಬದುರಾಗಿದ್ದ ಕೆಲವು ವಿಷಯಗಳ ಮೇಲೆ ದಾರಿಹೋಕರ ಅಭಿಪ್ರಾಯ ಕೇಳುವ ಪ್ರಶ್ನಾವಳಿ. ಮತದಾರ ಒಂದು ಕಡೆ ಗುರುತು ಹಾಕುತ್ತಿದ್ದಂತೆ, ಸಂಶೋಧಕ ಅವನ ಕಣ್ಣುತಪ್ಪಿಸಿ ಇನ್ನೊಂದು ಹಾಳೆಯಲ್ಲಿ ಕೆಲವು ಉತ್ತರಗಳನ್ನು ಉಲ್ಟಾ ಬರೆದು ಅದನ್ನು ಮೊದಲಿನದರ ಮೇಲೆ ಅಂಟಿಸಿಬಿಡುತ್ತಿದ್ದ. ಆಮೇಲೆ, ಇದಕ್ಕೆ ಹೀಗೇಕೆ ಉತ್ತರಿಸಿದಿರಿ ಎಂದು ಕೇಳುವುದು. ಬದಲಾದ ಉತ್ತರಗಳಲ್ಲಿ ಜನರ ಗಮನಕ್ಕೆ ಬಂದದ್ದು ಶೇ 22ಕ್ಕಿಂತ ಹೆಚ್ಚಿಲ್ಲ. ಉಳಿದವಕ್ಕೆ ತಾವು ಕೊಟ್ಟೇ ಇರದ ಉತ್ತರವನ್ನು ತಮ್ಮದೆಂದು ಸಮರ್ಥಿಸಿಕೊಂಡು ಮಾತಾಡಿದರು. ಬದಲಾಯಿಸಿದ್ದೂ ಸೇರಿ ಎಲ್ಲ ಉತ್ತರ ಕೂಡಿಸಿ, ನೀವು ಒಟ್ಟಾರೆ ಈ ಕೂಟದ ಕಡೆ ವಾಲಿದ್ದೀರಿ ಎಂದು ತೋರಿಸಿದಾಗ ಶೇ 92 ಮಂದಿ ಒಪ್ಪಿಕೊಂಡರು. ಕಾರಣ ಕೊಡುವ ನಮ್ಮ ಸಾಮರ್ಥ್ಯ, ನಿರ್ಧಾರ ತೆಗೆದುಕೊಳ್ಳುವ ನಮ್ಮ ಸಾಮರ್ಥ್ಯಕ್ಕೆ ಸಾಕ್ಷಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಹಾಗಂತ ಮತದಾರನನ್ನು ಪೆದ್ದ ಎಂದು ಕರೆದು ಕೈತೊಳೆದುಕೊಳ್ಳುವ ಪಂಡಿತರ ಜತೆ ನನಗೆ ಸಹಮತವಿಲ್ಲ. ಲೆಕ್ಕ ಹಾಕಿ ನೋಡಿ. ಲಕ್ಷಾಂತರ ಮತಗಳ ಕ್ಷೇತ್ರದಲ್ಲಿ ಒಬ್ಬರ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಪಕ್ಷಗಳ ಪ್ರಣಾಳಿಕೆ, ಆರ್ಥಿಕ ನೀತಿ ಓದಿ ಅರಗಿಸಿಕೊಳ್ಳಲು ವಾರಗಟ್ಟಲೆ ಬೇಕು. ಇಷ್ಟು ಶ್ರಮಕ್ಕೆ ಅಷ್ಟೇ ಫಲ ಎಂದಾದರೆ ಓದದಿರುವುದೇ ಲೆಕ್ಕಾಚಾರದ ನಡೆ ಎಂದು ಅರ್ಥಶಾಸ್ತ್ರಜ್ಞ ಆ್ಯಂಥನಿ ಡೌನ್ಸ್ 1957ರಲ್ಲೇ ವಾದಿಸಿದ್ದರು. ಹಾಗಾಗಿ ಮತದಾರ ಅಡ್ಡದಾರಿ ಹಿಡಿಯುತ್ತಾನೆ. ಪಕ್ಷದ ಚಿಹ್ನೆ, ನಂಬಿಕೆಯ ಪತ್ರಿಕೆ, ರಾಜಕೀಯ ಬಲ್ಲ ಬಂಧು ಇವುಗಳ ಮೇಲೆ ಭಾರ ಹಾಕುತ್ತಾನೆ. ನಾವು ‘ಪ್ರಭಾವ’ ಎನ್ನುವುದರಲ್ಲಿ ಮುಕ್ಕಾಲು ಪಾಲು ಇದೇ.

ಅಡ್ಡದಾರಿ ಸರಿಯಾದ ಊರಿಗೂ ಹೋಗುತ್ತದೆ. 1988ರಲ್ಲಿ ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ, ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸಬೇಕಿದ್ದ ವಿಮಾ ಸುಧಾರಣೆಯ ಐದು ಪ್ರಸ್ತಾವಗಳಿದ್ದವು. ಒಂದೊಂದೂ ಕಾನೂನಿನ ಕ್ಲಿಷ್ಟ ಭಾಷೆಯಲ್ಲಿ. ಕೆಲವಕ್ಕೆ ವಿಮಾ ಉದ್ಯಮದ ಬೆಂಬಲ, ಒಂದಕ್ಕೆ ವಕೀಲರದು, ಇನ್ನೊಂದಕ್ಕೆ ಗ್ರಾಹಕ ಹೋರಾಟಗಾರರದು. ವಿಮಾ ಉದ್ಯಮ ಕೋಟಿಗಟ್ಟಲೆ ಡಾಲರ್ ಚೆಲ್ಲಿತು. ಮತ ಹಾಕಿ ಹೊರಬಂದ ಜನರನ್ನು ಲಾಸ್ ಏಂಜಲೀಸ್ ಭಾಗದಲ್ಲಿ ಮಾತಾಡಿಸಿದ ರಾಜ್ಯಶಾಸ್ತ್ರಜ್ಞ ಆರ್ಥರ್ ಲುಪಿಯಾ ಅವರಿಗೆ ಮೂರು ಬಗೆಯವರು ಸಿಕ್ಕರು. ಪ್ರಸ್ತಾವಗಳ ವಿವರ ಬಲ್ಲವರು ಒಂದಿಷ್ಟು. ವಿವರ ಗೊತ್ತಿಲ್ಲ, ಆದರೆ ವಿಮಾ ಉದ್ಯಮ ಯಾವುದರ ಪರ ಎಂಬುದು ಗೊತ್ತು ಎನ್ನುವವರು ಒಂದಿಷ್ಟು. ಎರಡೂ ಗೊತ್ತಿಲ್ಲದವರು ಉಳಿದವರು. ಎರಡನೆಯ ಗುಂಪಿನವರು ಹೆಚ್ಚುಕಡಿಮೆ ಮೊದಲ ಗುಂಪಿನವರ ಹಾಗೆಯೇ ಮತ ಹಾಕಿದ್ದರು. ದಾರಿ ತಪ್ಪಿದ್ದು ಮೂರನೆಯ ಗುಂಪು. ಗೆದ್ದದ್ದು ಐದರಲ್ಲಿ ಒಂದೇ, ಗ್ರಾಹಕರ ಪರವಾಗಿದ್ದ 103ನೇ ಪ್ರಸ್ತಾವ.

ನನ್ನ ಉತ್ತರ ಇಲ್ಲಿದೆ: ವಿವೇಕ ಒಂದು ದಡ, ಪ್ರಭಾವ ಇನ್ನೊಂದು ದಡ ಎಂದು ಬೇರೆ ಮಾಡಿದರೆ ಮತದಾನ ಅರ್ಥವಾಗುವುದಿಲ್ಲ. ಯಾರ ಪ್ರಭಾವಕ್ಕೂ ಒಳಗಾಗದ ಮತದಾರ ಎಲ್ಲೂ ಇಲ್ಲ. ಹೇಳುತ್ತಿರುವವರು ಯಾರು, ಇದರಲ್ಲಿ ಅವರಿಗೇನು ಲಾಭ ಎಂಬುದು ಕೇಳುವವನಿಗೆ ಗೊತ್ತಿದ್ದರೆ ಪ್ರಭಾವವೂ ಮಾಹಿತಿಯೇ. ವಿಮಾ ಕಂಪನಿಯ ಜಾಹೀರಾತು ಕೂಡ ಅದು ವಿಮಾ ಕಂಪನಿಯದ್ದೆಂದು ತಿಳಿದಾಗ ಮತದಾರನಿಗೆ ನೆರವಾಯಿತು. ಹೇಳುವವರು ಮುಖ ಮರೆಸಿಕೊಂಡಾಗ, ಅಂದರೆ ಜಾಹೀರಾತಿಗೆ ದುಡ್ಡು ಕೊಟ್ಟವರ ಹೆಸರಿಲ್ಲದಾಗ ಅಥವಾ ನಕಲಿ ಖಾತೆಗಳಿಂದ ಒಂದೇ ಸಂದೇಶ ಸಾವಿರ ಜನರ ಅನಿಸಿಕೆಯಂತೆ ಹರಿದಾಡಿದಾಗ ಅಡ್ಡದಾರಿ ಗುಂಡಿಗೆ ಇಳಿಯುತ್ತದೆ.

ಪ್ರಭಾವವನ್ನು ಒತ್ತಾಯದಿಂದಲೂ ಬೇರ್ಪಡಿಸಬೇಕು. ಧಣಿ ಎದುರಿಗೆ ಕೈ ಎತ್ತಿ ಮತ ಹೇಳಬೇಕಿದ್ದ ಕಾಲದಲ್ಲಿ ಯೋಚನೆಗೆ ಜಾಗವೇ ಇರಲಿಲ್ಲ. 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ, 1872ರಲ್ಲಿ ಬ್ರಿಟನ್ ಗುಪ್ತ ಮತದಾನ ತಂದವು. ಅದರಿಂದ ಆಮಿಷವೇನೂ ನಿಲ್ಲಲಿಲ್ಲ. ಆದರೆ ಹಣ ಕೊಟ್ಟವನಿಗೆ ಮತ ತನಗೇ ಬಿತ್ತೆಂದು ಖಾತ್ರಿ ಮಾಡಿಕೊಳ್ಳುವ ದಾರಿ ಮುಚ್ಚಿತು.

ಒಬ್ಬೊಬ್ಬರು ತಪ್ಪಿದರೂ ಒಟ್ಟು ತೀರ್ಪು ಸರಿಯಾಗಬಹುದು ಎಂಬ ಆಶಾವಾದವೂ ಇದೆ, ಅದಕ್ಕೆ ಗಣಿತದ ಬೆಂಬಲವೂ ಇದೆ. 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಂಡೋರ್ಸೆ ತೋರಿಸಿದ್ದು: ಪ್ರತಿ ಮತದಾರ ಸರಿಯಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚಿದ್ದು, ಒಬ್ಬರನ್ನೊಬ್ಬರು ನೋಡದೆ ತೀರ್ಮಾನಿಸಿದರೆ, ಸಂಖ್ಯೆ ಏರಿದಂತೆ ಬಹುಮತ ಸರಿಯಾಗುವ ಸಂಭವವೂ ಏರುತ್ತದೆ. ಅರ್ಧಕ್ಕಿಂತ ತುಸು ಕಡಿಮೆಯಿದ್ದರೆ ಅದೇ ಗಣಿತ ತಿರುಗಿಬೀಳುತ್ತದೆ. ತಪ್ಪುಗಳು ನಾಲ್ಕು ದಿಕ್ಕಿಗೆ ಚದುರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ, ಒಂದೇ ಕಡೆಗೆ ವಾಲಿದರೆ ಗುಡ್ಡೆಯಾಗುತ್ತವೆ.

ವಾಲುವುದಕ್ಕೆ ಕ್ಷುಲ್ಲಕ ಕಾರಣವೂ ಸಾಕು. 1992ರ ಒಹಾಯೊ ಚುನಾವಣೆಗಳನ್ನು ಪರಿಶೀಲಿಸಿದಾಗ, ಮತಪತ್ರದಲ್ಲಿ ಹೆಸರು ಮೊದಲಿಗೆ ಇದ್ದ ಅಭ್ಯರ್ಥಿಗೆ ಸರಾಸರಿ 2.5 ಶೇಕಡಾ ಅಂಶದಷ್ಟು ಲಾಭ ಕಂಡಿತು. ಪಕ್ಷದ ಹೆಸರು ನಮೂದಾಗದ, ಅಭ್ಯರ್ಥಿ ಯಾರೆಂದು ಜನಕ್ಕೆ ಅಷ್ಟಾಗಿ ತಿಳಿಯದ ಸ್ಪರ್ಧೆಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಮತದಾರ ತನ್ನ ಆದ್ಯತೆಯಂತೆ ಅಭ್ಯರ್ಥಿಗಳಿಗೆ 1, 2, 3 ಎಂದು ಅಂಕಿ ಹಾಕಬೇಕು. ಯೋಚಿಸದೆ ಮೇಲಿಂದ ಕೆಳಗೆ ಸಾಲಾಗಿ ಅಂಕಿ ಹಾಕಿ ಬರುವವರ ಮತವನ್ನು ‘ಕತ್ತೆ ಮತ’ ಎಂದೇ ಕರೆಯುತ್ತಾರೆ. ಅಲ್ಲಿನ ಟಾಸ್ಮೇನಿಯಾ ರಾಜ್ಯ ಇಂಥ ಮತದಾರರನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಒಂದೇ ಕ್ಷೇತ್ರದ ಮತಪತ್ರಗಳಲ್ಲೇ ಅಭ್ಯರ್ಥಿಗಳ ಹೆಸರಿನ ಕ್ರಮವನ್ನು ಅದಲುಬದಲು ಮಾಡಿ ಮುದ್ರಿಸತೊಡಗಿತು. ಕತ್ತೆ ಮತಗಳು ಈಗಲೂ ಬೀಳುತ್ತವೆ, ಒಬ್ಬರಿಗೇ ಬೀಳದೆ ಹಲವು ಅಭ್ಯರ್ಥಿಗಳಿಗೆ ಹಂಚಿಹೋಗುತ್ತವೆ.