ಹೆರಿಗೆ ಕೋಣೆಯ ಗದರಿಕೆ ದೇಹಕ್ಕೆ ಏನು ಮಾಡುತ್ತದೆ?

ಮಂಡ್ಯದ ಕಡೆ ಬಾಣಂತಿಯನ್ನು ನೋಡಲು ಹೋದ ಹೆಂಗಸರು ಮಗುವಿನ ತೂಕ, ಹೊಲಿಗೆ, ಎದೆಹಾಲು ಎಲ್ಲವನ್ನೂ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: “ಒಳಗೆ ಬೈದ್ರಾ?” “ಯಾಕಮ್ಮ ಕಿರುಚ್ತೀಯ, ಗಂಡನ ಜೊತೆ ಇರುವಾಗ ಗೊತ್ತಾಗ್ಲಿಲ್ವಾ?” ಎಂಬ ಮಾತು, ತೊಡೆಗೆ ಬಿದ್ದ ಏಟು, ಪರದೆಯಿಲ್ಲದ ಟೇಬಲ್ಲಿನ ಮೇಲೆ ಕಂಡವರೆದುರು ಮಲಗಬೇಕಾದ ನಾಚಿಕೆ, ಇವೆಲ್ಲ ಹೆರಿಗೆಯಲ್ಲಿ ಇದ್ದದ್ದೇ ಎಂಬಂತೆ ಹೇಳಿ ಮುಗಿಸುವವರೇ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದ್ದರಿಂದ ಒಳಗೆ ಹೇಗೆ ನಡೆಸಿಕೊಂಡರು ಎಂಬುದು ಬರೀ ನಡತೆಯ ವಿಷಯವಾಗಿ ಉಳಿದಿಲ್ಲ, ಅದು ಚಿಕಿತ್ಸೆಯ ಗುಣಮಟ್ಟದ ವಿಷಯವೂ ಹೌದು.

ಕಾರಣ ಶರೀರದಲ್ಲೇ ಇದೆ. ಮಗುವಿನ ತಲೆ ಗರ್ಭಕೋಶದ ಕೊರಳನ್ನು ಒತ್ತಿದಾಗ ಆ ಸುದ್ದಿ ನರಗಳ ಮೂಲಕ ಮಿದುಳಿಗೆ ತಲುಪಿ, ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದರಿಂದ ಗರ್ಭಕೋಶ ಇನ್ನಷ್ಟು ಬಿಗಿಯಾಗಿ ಸಂಕುಚಿಸುತ್ತದೆ, ತಲೆ ಮತ್ತೆ ಒತ್ತುತ್ತದೆ. ಭಯ ಹೆಚ್ಚಾದಾಗ ಏರುವ ಅಡ್ರಿನಲಿನ್ ಗರ್ಭಕೋಶದ ಸ್ನಾಯುವನ್ನು ಸಡಿಲಗೊಳಿಸಿ ಈ ಸರಪಳಿಗೆ ಅಡ್ಡ ಬರಬಲ್ಲದು. 1966ರಲ್ಲಿ ಅಮೆರಿಕದ ಸಂಶೋಧಕಿ ನೈಲ್ಸ್ ನ್ಯೂಟನ್ ಮತ್ತು ಸಂಗಡಿಗರು ಹೆರಿಗೆಯಲ್ಲಿದ್ದ ಇಲಿಗಳನ್ನು ಬೇಕೆಂದೇ ಕದಲಿಸಿ ನೋಡಿದಾಗ ಅವುಗಳ ಹೆರಿಗೆ ತಡವಾಗಿತ್ತು. ಮನುಷ್ಯರಲ್ಲಿ ನಿಧಾನವಾದ ಪ್ರತಿ ಹೆರಿಗೆಗೂ ಗದರಿಕೆಯೇ ಕಾರಣವೆಂದು ಇದರಿಂದ ಹೇಳಲಾಗದು. ಆದರೆ ಹೆದರಿಸಿದರೆ ಬೇಗ ಆಗುತ್ತದೆ ಎಂಬ ನಂಬಿಕೆಗೆ ಶರೀರವಿಜ್ಞಾನದಲ್ಲಿ ಆಧಾರವಿಲ್ಲ.

ನೋವು ನಿಧಾನವಾದರೆ ಇದೇ ಆಕ್ಸಿಟೋಸಿನ್ನಿನ ಡ್ರಿಪ್ ಬರುತ್ತದೆ. ಬೇಕಾದವರಿಗೆ, ಅಳತೆಯಲ್ಲಿ ಕೊಟ್ಟರೆ ಅದು ಒಳ್ಳೆಯ ಔಷಧವೇ. ಅಳತೆ ಮೀರಿದರೆ ಸಂಕೋಚನಗಳ ನಡುವೆ ಬಿಡುವಿಲ್ಲದಂತಾಗಿ, ಮಾಸಿಗೆ ರಕ್ತದ ಹರಿವು ಕುಗ್ಗಿ ಮಗುವಿಗೆ ಆಮ್ಲಜನಕ ಸಾಲದೆ ಹೋಗಬಹುದು. ಆಮೇಲೆ ಹೊಟ್ಟೆಯ ಮೇಲ್ಭಾಗವನ್ನು ಕೈಯಿಂದ ಅದುಮುವುದು, ಕೇಳದೆ ಯೋನಿದ್ವಾರಕ್ಕೆ ಕತ್ತರಿ ಹಾಕುವುದು. ಅದುಮುವುದು ಬೇಡ, ಎಲ್ಲರಿಗೂ ವಾಡಿಕೆಯಂತೆ ಕತ್ತರಿಸುವುದೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ ಹೇಳಿದೆ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆದುಕೊಳ್ಳಲೇಬೇಕೆಂಬ, 1950ರ ದಶಕದ ಫ್ರೀಡ್‌ಮನ್ ಅಧ್ಯಯನದಿಂದ ಬಂದ ಅವಸರದ ಲೆಕ್ಕವನ್ನೂ ಅದು ಕೈಬಿಟ್ಟಿದೆ.

ಘಾನಾ, ಗಿನಿ, ನೈಜೀರಿಯಾಗಳಲ್ಲಿ 2,016 ಹೆರಿಗೆಗಳನ್ನು ಪಕ್ಕದಲ್ಲಿದ್ದು ಗಮನಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಹಿಳೆಯರು ಬೈಗುಳ, ಏಟು ಅಥವಾ ತಾರತಮ್ಯಕ್ಕೆ ಗುರಿಯಾಗಿದ್ದರು. ಅದರಲ್ಲೂ ಬೈಗುಳ ಮತ್ತು ಏಟು ಮಗು ಹುಟ್ಟುವ ಮುಂಚಿನ 30 ನಿಮಿಷದಿಂದ ಹುಟ್ಟಿದ ನಂತರದ 15 ನಿಮಿಷದವರೆಗೆ ತೀರ ಹೆಚ್ಚಾಗಿದ್ದವು. ತಾಯಿ ಎದ್ದು ಹೋಗಲಾರದ, ಎದುರಾಡಲಾರದ ಹೊತ್ತು ಅದು. ಸಿಬ್ಬಂದಿಯ ಮೇಲಿನ ಒತ್ತಡವೂ ಮೇರೆ ಮೀರುವ ಹೊತ್ತು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಹಲವು ಟೇಬಲ್ಲುಗಳನ್ನು ನೋಡಿಕೊಳ್ಳುವ ನರ್ಸಿಗೆ ಸೌಜನ್ಯದ ತರಬೇತಿ ಕೊಟ್ಟು, ಪಾಳಿಗೆ ಇನ್ನೊಬ್ಬರನ್ನು ಕೊಡದಿದ್ದರೆ ಹೆಚ್ಚೇನೂ ಬದಲಾಗದು ಎಂದೇ ನನ್ನ ಅನಿಸಿಕೆ.

ಅಗ್ಗದ ಪರಿಹಾರವೊಂದು ಮಾತ್ರ ಚೆನ್ನಾಗಿ ಪರೀಕ್ಷೆಗೊಳಗಾಗಿದೆ. 15,000ಕ್ಕೂ ಹೆಚ್ಚು ಮಹಿಳೆಯರ 26 ಪ್ರಯೋಗಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯ ಪ್ರಕಾರ, ನೋವಿನುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ಸ್ವಲ್ಪ ತಗ್ಗುತ್ತದೆ. ಭಾರತ ಸರ್ಕಾರ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರ ಡಿಸೆಂಬರಿನಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ಜೊತೆಗಾರರಿಗೆ ಅವಕಾಶ ಕೊಡುತ್ತದೆ; ಹೆತ್ತ ಅನುಭವವಿರುವ ಹೆಂಗಸಾದರೆ ಒಳ್ಳೆಯದೆಂಬುದು ಸರ್ಕಾರದ ಸಲಹೆ. ಜನಜಂಗುಳಿಯಾಗುತ್ತದೆ, ಸೋಂಕು ತಗಲುತ್ತದೆ ಎಂಬ ಆಕ್ಷೇಪಕ್ಕೆ ಟೇಬಲ್ಲುಗಳ ನಡುವೆ ಒಂದು ಪರದೆ, ಕುಳಿತುಕೊಳ್ಳಲು ಒಂದು ಸ್ಟೂಲು, ಸ್ವಚ್ಛ ಗೌನು ಇವಿಷ್ಟೇ ಬಹುಪಾಲು ಉತ್ತರ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋಗುವಾಗಲೇ, ಒಳಗೆ ಬರುವವರು ಅಮ್ಮನೋ ಅತ್ತೆಯೋ ಚಿಕ್ಕಮ್ಮನೋ ಎಂಬುದನ್ನು ಆಸ್ಪತ್ರೆಯವರಿಗೆ ತಿಳಿಸಿಟ್ಟರೆ, ನಡುರಾತ್ರಿ ಬಾಗಿಲಲ್ಲಿ ನಿಂತು ವಾದಿಸುವುದು ತಪ್ಪುತ್ತದೆ.