ಪದ ಪರಿಚಯ: ಸೈ-ಫೈ ಧಾರಾವಾಹಿ

ಹಾಸನದ ನಮ್ಮ ಮನೆಯಲ್ಲಿ ಈ ಪದಕ್ಕೆ ಬಹಳ ಕಾಲ ಇದ್ದದ್ದು ಒಂದೇ ಅರ್ಥ: ಕೆಲಸವಿಲ್ಲದ ಹುಡುಗರು ನೋಡುವಂಥದ್ದು. ಟಿವಿಯಲ್ಲಿ ಆಕಾಶನೌಕೆ ಕಂಡರೆ ಸಾಕು, ದೊಡ್ಡಪ್ಪನ ಕೈ ರಿಮೋಟಿಗೆ ಹೋಗುತ್ತಿತ್ತು. ‘ಏನ್ಲಾ ಇದು, ರಬ್ಬರ್ ಮುಖ ಹಾಕ್ಕಂಡು ಕುಣಿಯೋದು! ನ್ಯೂಸ್ ಹಾಕು.’

ಸೈ-ಫೈ ಅನ್ನುವುದು ಸೈನ್ಸ್ ಫಿಕ್ಷನ್‌ನ ಮೊಟಕು ರೂಪ. ಕನ್ನಡದಲ್ಲಿ ವೈಜ್ಞಾನಿಕ ಕಥೆ ಎನ್ನುತ್ತೇವೆ. ಕೇಳಿದರೆ ಪಾಠದ ವಾಸನೆ ಬರುತ್ತದೆ, ಅದೇ ತೊಂದರೆ. ರಾಕೆಟ್ಟು, ರೋಬೋ ಇದ್ದಮಾತ್ರಕ್ಕೆ ಕಥೆ ಸೈ-ಫೈ ಆಗದು. ‘ಹೀಗಾದರೆ?’ ಎಂಬ ಒಂದು ಊಹೆ ಬೇಕು. ಅದನ್ನು ಒಪ್ಪಿಕೊಂಡ ಮೇಲೆ ಮಿಕ್ಕಿದ್ದೆಲ್ಲ ಕಾರ್ಯಕಾರಣಕ್ಕೆ ಕಟ್ಟುಬಿದ್ದು ನಡೆಯಬೇಕು. ಕಷ್ಟ ಬಂತೆಂದು ಮಂತ್ರ ಹಾಕಿ ಪಾರಾಗುವಂತಿಲ್ಲ.

ರಟ್ಟಿನ ಸೆಟ್ಟು ಎಂದು ನಗುವವರಿದ್ದಾರೆ. ನಿಜ, 1966ರಲ್ಲಿ ಅಮೆರಿಕದಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ಗೆ ವಾರವಾರವೂ ನೌಕೆಯನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ದುಡ್ಡಿರಲಿಲ್ಲ. ಜನರನ್ನು ಮಿಣಮಿಣ ಕರಗಿಸಿ ಕೆಳಗೆ ಮೂಡಿಸುವ ಯಂತ್ರ ಹುಟ್ಟಿದ್ದೇ ಆ ಬಡತನದಿಂದ. ಆದರೆ ಇದೇ ದೊಡ್ಡಪ್ಪ ಕೊಪ್ಪದ ಬೀಗರ ಮನೆಗೆ ಹೋದಾಗ ಬೆಳಗಿನ ಜಾವದವರೆಗೆ ಯಕ್ಷಗಾನ ನೋಡಿ ಬರುತ್ತಾರೆ. ಅಲ್ಲಿ ಸೆಟ್ಟೇ ಇಲ್ಲ! ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದರೆ ಕಾಡು ದಾಟಿದಂತೆ. ಬಣ್ಣದ ವೇಷದ ರಕ್ಕಸನ ಮುಖ ನೋಡಿ ಯಾರೂ ನಗುವುದಿಲ್ಲ. ತೋರಿಸಿದ್ದನ್ನು ನಿಜವೆಂದುಕೊಂಡು ನೋಡುವ ಒಪ್ಪಂದ ಎರಡೂ ಕಡೆ ಒಂದೇ.

ಇದರಲ್ಲಿ ಮನುಷ್ಯರ ಕಥೆಯೇ ಇಲ್ಲ ಎಂಬ ದೂರು ಮಾತ್ರ ನನಗೆ ಸಿಟ್ಟು ತರಿಸುತ್ತದೆ. ಅಮೆರಿಕದಲ್ಲಿ ಕರಿಯರು ಸಮಾನ ಹಕ್ಕಿಗೆ ಬೀದಿಯಲ್ಲಿದ್ದ ದಿನಗಳಲ್ಲಿ ಅದೇ ಧಾರಾವಾಹಿ ಒಬ್ಬ ಕರಿಯ ಹೆಣ್ಣುಮಗಳನ್ನು ನೌಕೆಯ ಅಧಿಕಾರಿಯಾಗಿ ಕೂರಿಸಿತು. ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಬಿಟ್ಟುಹೋಗಲು ಹೊರಟಾಗ ತಡೆದವರು ಆ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್. ಆಕೆಯೇ ಹೇಳಿಕೊಂಡ ಸಂಗತಿ ಇದು. ಮುಂದೆ ಆಕೆ ಗಗನಯಾತ್ರಿಗಳಾಗಿ ಬನ್ನಿ ಎಂದು ಹೆಂಗಸರನ್ನೂ ಕರಿಯರನ್ನೂ ನಾಸಾ ಪರವಾಗಿ ಕರೆದರು. 1978ರಲ್ಲಿ ನಾಸಾ ಆರಿಸಿದ 35 ಮಂದಿಯಲ್ಲಿ ಆರು ಹೆಂಗಸರು, ಮೂವರು ಕರಿಯರು.

ಕಳಪೆ ಸರಣಿಗಳಿಲ್ಲವೇ? ಬೇಕಾದಷ್ಟಿವೆ. ಅತ್ತೆ-ಸೊಸೆ ಧಾರಾವಾಹಿಗಳಲ್ಲಿ ಇರುವಷ್ಟೇ.

ಇನ್ನು ದೊಡ್ಡಪ್ಪನ ನ್ಯೂಸು. ಭೂಮಿಯ ಸುತ್ತ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೂರು ಉಪಗ್ರಹ ನಿಲ್ಲಿಸಿದರೆ ಇಡೀ ಲೋಕಕ್ಕೆ ಪ್ರಸಾರ ಮಾಡಬಹುದೆಂದು 1945ರಲ್ಲೇ ಲೆಕ್ಕ ಹಾಕಿ ಬರೆದವರು ಆರ್ಥರ್ ಸಿ. ಕ್ಲಾರ್ಕ್, ಸೈ-ಫೈ ಕಥೆಗಾರ. ಆ ಎತ್ತರದಿಂದ ಟಿವಿ ಪ್ರಸಾರಕ್ಕೆ ನೆರವಾಗುವ ನಮ್ಮ ಇನ್ಸಾಟ್ ಉಪಗ್ರಹಗಳನ್ನು 1982ರಿಂದ ಹತೋಟಿಯಲ್ಲಿ ಇಟ್ಟಿರುವುದು ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ. ದೊಡ್ಡಪ್ಪ ದಿನಾ ಬಸ್ಸಿನಲ್ಲಿ ದಾಟಿ ಹೋಗುತ್ತಿದ್ದದ್ದು ಅದರ ದೊಡ್ಡ ದೊಡ್ಡ ಡಿಶ್‌ಗಳನ್ನೇ.

ಇದನ್ನೆಲ್ಲ ಹೇಳಿದೆ. ‘ಹಂಗಾದ್ರೆ ಹಾಕು,’ ಅಂದರು, ‘ನ್ಯೂಸ್ ಮುಗಿದ್ಮೇಲೆ.’