ಗೊದಮೊಟ್ಟೆ ಆಮೆಯಾಗುವ ಗೆರೆ

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಹತ್ತಿರ ನಾವು ನಾಲ್ಕು ಜನ ಸೇರುತ್ತೇವೆ. ಒಬ್ಬರು ಒಂದು ಜಿಕೆ ಪ್ರಶ್ನೆ ಕೊಟ್ಟರೆ ಇನ್ನೊಬ್ಬರು ಬದಲಿಗೆ ಒಂದು ಕೊಡಬೇಕು. ಸೋತವರು ಚುರುಮುರಿ ಕೊಡಿಸಬೇಕು. ಹೋದ ವಾರ ನನ್ನ ಜೇಬಿಗೆ ಕತ್ತರಿ ಹಾಕಿದ್ದು ಈ ಪ್ರಶ್ನೆ: ಹಡಗಿನಲ್ಲಿ ‘ಗೊದಮೊಟ್ಟೆ’ ಅಂದರೆ ಯಾರು?

ಸಮಭಾಜಕ ವೃತ್ತವನ್ನು ಇನ್ನೂ ಹಡಗಿನಲ್ಲಿ ದಾಟದ ನಾವಿಕ. ಇಂಗ್ಲಿಷಿನಲ್ಲಿ ಪಾಲಿವಾಗ್. ದಾಟಿದ ಮೇಲೆ ಅವನು ಶೆಲ್‌ಬ್ಯಾಕ್, ಬೆನ್ನಿಗೆ ಚಿಪ್ಪು ಬಂದವನು. ಗೊದಮೊಟ್ಟೆ ಕಪ್ಪೆಯಾಗಬೇಕಿತ್ತು, ಇಲ್ಲಿ ಆಮೆಯಾಗುತ್ತದೆ. ಇರಲಿ ಬಿಡಿ.

ಗೆರೆ ದಾಟುವ ದಿನ ಹಳೇ ನಾವಿಕನೊಬ್ಬ ಕಿರೀಟ ತೊಟ್ಟು ಸಮುದ್ರರಾಜ ನೆಪ್ಚೂನ್ ಆಗುತ್ತಾನೆ. ಪಕ್ಕದಲ್ಲಿ ರಾಣಿ ಆಂಫಿಟ್ರೈಟಿ, ಆ ವೇಷವೂ ನಾವಿಕನದೇ. ನೆಪ್ಚೂನ್ ರೋಮನ್ನರ ದೇವರು, ಆಂಫಿಟ್ರೈಟಿ ಗ್ರೀಕರ ಪೊಸೈಡನ್‌ನ ಹೆಂಡತಿ. ಈ ಬೆರಕೆ ಸಂಸಾರದಿಂದಲೇ ಒಂದು ಒಳ್ಳೇ ಪ್ರಶ್ನೆ ಸಿಕ್ಕಿತು, ಅಲ್ವಾ?

ಹೊಸಬರ ಪಾಡು ಹೇಗಿರುತ್ತಿತ್ತು ಅನ್ನೋದಕ್ಕೆ ಚಾರ್ಲ್ಸ್ ಡಾರ್ವಿನ್‌ನನ್ನು ನೆನಪಿಡಿ. 1832ರ ಫೆಬ್ರವರಿ 17ರಂದು ಬೀಗಲ್ ಹಡಗಿನಲ್ಲಿ ಅವನ ಸರದಿ ಬಂತು. 23 ತುಂಬಿ ಆಗಷ್ಟೇ ಐದು ದಿನ. ಮುಖಕ್ಕೆ ಸೋಪಿನ ಬದಲು ಡಾಂಬರು, ಬಣ್ಣ ಬಳಿದರು. ಕಬ್ಬಿಣದ ಪಟ್ಟಿಯ ತುಂಡಿನಿಂದ ಕೆರೆದು ‘ಶೇವಿಂಗ್’ ಮಾಡಿದರು. ಆಮೇಲೆ ನೀರು ತುಂಬಿದ ತೊಟ್ಟಿಗೆ ತಲೆಕೆಳಗಾಗಿ ಕೆಡವಿದರು. ಇಸವಿ ಮರೆತರೂ ಆ ಡಾಂಬರು ಮರೆಯಲ್ಲ. ಅದನ್ನು ಹಿಡಿದರೆ ಇಸವಿಯೂ ಹಿಂದೆಯೇ ಬರುತ್ತದೆ.

ಬದಲಿಗೆ ಕೊಡಲು ಎರಡು ಪ್ರಶ್ನೆ ಇಟ್ಟುಕೊಳ್ಳಿ. ಈಕ್ವಟೋರಿಯಲ್ ಗಿನಿ ದೇಶದ ನೆಲದ ಮೇಲೆ ಸಮಭಾಜಕ ಹಾದುಹೋಗುತ್ತದೆಯೇ? ಹೆಸರು ನೋಡಿ ‘ಹೌದು’ ಅಂದವರು ಕೆಟ್ಟರು. ಅದರ ಮುಖ್ಯ ನೆಲ ಗೆರೆಯ ಉತ್ತರಕ್ಕಿದೆ, ಅನ್ನೊಬಾನ್ ದ್ವೀಪ ದಕ್ಷಿಣಕ್ಕೆ. ನಡುವೆ ಬರೀ ಸಮುದ್ರ.

ಎರಡನೆಯದು ಐಎನ್‌ಎಸ್‌ವಿ ತಾರಿಣಿ. 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಈ ಹಾಯಿದೋಣಿಯಲ್ಲಿ ಭೂಮಿ ಸುತ್ತಿ 254 ದಿನಕ್ಕೆ ವಾಪಸ್ ಬಂದರು. ಸಮಭಾಜಕ ಎಷ್ಟು ಸಲ ದಾಟಿದರು? ಇದಕ್ಕೆ ಉರು ಹೊಡೆಯೋದು ಬೇಡ. ಗೋವಾ ಉತ್ತರ ಗೋಳದಲ್ಲಿದೆ, ಅವರು ಬಳಸಿ ಬಂದ ದಕ್ಷಿಣ ಅಮೆರಿಕದ ತುದಿ ಕೇಪ್ ಹಾರ್ನ್ ದಕ್ಷಿಣ ಗೋಳದಲ್ಲಿ. ಹೋಗುವಾಗ ಒಂದು, ಬರುವಾಗ ಒಂದು.

ಬೆಂಗಳೂರಿನಿಂದ ಆ ಗೆರೆ ಎಷ್ಟು ದೂರ ಅಂತ ಕೇಳಿದರೆ ಗೂಗಲ್ ಬೇಕಿಲ್ಲ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಗುಣಿಸಿದರೆ 1,440 ಕಿ.ಮೀ. ಆಸುಪಾಸು. ಇಷ್ಟೆಲ್ಲ ಓದಿಯೂ ನಮ್ಮ ನಾಲ್ವರಲ್ಲಿ ಒಬ್ಬರೂ ಹಡಗು ಹತ್ತಿಲ್ಲ. ಗೊದಮೊಟ್ಟೆಗಳೇ.